ಉಸ್ಮಾನ್‌ಸಾಬರ ಅಂಗಡಿಯ ಹನ್ನೊಂದು ಮಂದಿ

ಈ ವರ್ಷ ಜೂನ್ ತಿಂಗಳ ಮೊದಲ ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಸ್ಥಳ ಬಸವಕಲ್ಯಾಣ, ಉಸ್ಮಾನ್‌ಸಾಬರ ಹೊಲಿಗೆ ಅಂಗಡಿ. ಹಾಜರಿದ್ದವರು ನಾನು, ಶಾಲೆಯ ಸಮವಸ್ತ್ರಕ್ಕೆ ಅಳತೆ ಕೊಡಲು ಬಂದಿದ್ದ ನನ್ನ ತಂಗಿಯ ಮೊಮ್ಮಗಳು ಮತ್ತು ಉಸ್ಮಾನ್‌ಸಾಬರ ಮಗ ರಫೀಕ್. ಉಸ್ಮಾನ್‌ಸಾಬರು ತೀರಿಕೊಂಡು ಎರಡು ವರ್ಷವಾಯಿತು. ಅಂಗಡಿ ಈಗ ಮಗನ ಕೈಯಲ್ಲಿದೆ.

ಒಳಗೆ ಕಾಲಿಟ್ಟ ಕೂಡಲೇ ಗಂಜಿ ಹೋಗದ ಹೊಸ ಬಟ್ಟೆಯ ವಾಸನೆ, ಅದರೊಳಗೆ ಬೆರೆತ ಮಷಿನ್ ಎಣ್ಣೆಯ ವಾಸನೆ ಮೂಗಿಗೆ ಹೊಡೆಯಿತು. ನಾನು ಸ್ಟೂಲಿನ ಮೇಲೆ ಕುಳಿತೆ. ರಫೀಕ್ ಹುಡುಗಿಯ ಭುಜದ ಅಳತೆ ತೆಗೆಯುತ್ತ ಕೇಳಿದ:

“ಅಕ್ಕೋರ, ಒಂದು ಮಾತು ಕೇಳ್ಲೇನ್ರಿ? ಕೊರೊನಾದಾಗ ನಮ್ಮ ಅಂಗಡ್ಯಾಗ ಹನ್ನೊಂದು ಮಂದಿ ಹೆಣ್ಮಕ್ಕಳು ಕೆಲಸಕ್ಕಿದ್ರಂತಲ್ಲ? ಅಬ್ಬಾನ ಪೆಟ್ಟಿಗ್ಯಾಗ ಕಾಗದ ಸಿಕ್ಕಾವ. ನಾ ಆವಾಗ ಹೈದ್ರಾಬಾದ್‌ದಾಗ ಸಿಕ್ಕೊಂಡಿದ್ದೆ. ದುನಿಯಾನೇ ಬಂದ್ ಇದ್ದಾಗ ಹನ್ನೊಂದು ಮಂದಿಗೆ ಕೆಲಸ ಕೊಟ್ಟಾನ. ಮನ್ಯಾಗ ಸುದ್ದಾ ಹೇಳಿಲ್ಲ ನೋಡ್ರಿ.”

“ಅಳತಿ ತಗೋಪಾ. ಬಸ್ಸಿಗಿ ಹೊತ್ತಾಗ್ತದ,” ಎಂದೆ.

ಆ ಅಂಗಡಿಯಲ್ಲಿ ಹನ್ನೊಂದು ಮಂದಿ ಕೆಲಸ ಮಾಡಿಲ್ಲ. ಒಬ್ಬಳೂ ಮಾಡಿಲ್ಲ. ಮಾಡಿದರೆಂದು ಹೇಳುವ ಕಾಗದಗಳಲ್ಲಿ ನನ್ನ ಸಹಿ ಇದೆ. ಅದು ಹೇಗಾಯಿತೆಂದು ಮೊದಲಿನಿಂದ ಬರೆಯುತ್ತೇನೆ.

ನಾನು ಬೀದರಿನ ವಸತಿ ಶಾಲೆಯೊಂದರಲ್ಲಿ ಬೆಳೆದವಳು. ಅಲ್ಲಿ ಏಳಲು ಗಂಟೆ, ಉಣ್ಣಲು ಗಂಟೆ, ಮಾತು ನಿಲ್ಲಿಸಲೂ ಗಂಟೆ. ಮುಂದೆ ಮೂವತ್ತೊಂದು ವರ್ಷ ಹುಮನಾಬಾದಿನಲ್ಲಿ ಹೊಲಿಗೆ ಕಲಿಸಿದೆ. ನಿವೃತ್ತಳಾದ ಮೇಲೂ ಐದಕ್ಕೆ ಏಳುತ್ತೇನೆ, ಒಂಬತ್ತಕ್ಕೆ ಸಿದ್ಧಳಿರುತ್ತೇನೆ, ಎಲ್ಲಿಗೂ ಹೋಗುವುದಿರದಿದ್ದರೂ. ೨೦೨೦ರ ಜೂನ್‌ನಲ್ಲಿ ಹೋಗಲು ಒಂದು ಜಾಗ ಬಂತು. ಮುಂಬಯಿ, ಪುಣೆ, ಹೈದರಾಬಾದುಗಳಿಂದ ಜನ ಗಂಟುಮೂಟೆ ಹೊತ್ತು ತಿರುಗಿ ಬಂದಿದ್ದರು. ಶಾಲೆಯ ಕೋಣೆಗಳಲ್ಲಿ ಹದಿನಾಲ್ಕು ದಿನ ಕಳೆದು ಊರು ಸೇರಿದ್ದರು. ಊರಲ್ಲಿ ಕೆಲಸವಿರಲಿಲ್ಲ. ಅಂಗಡಿ ಇದ್ದವರಿಗೆ ಗಿರಾಕಿ ಇರಲಿಲ್ಲ. ಇಬ್ಬರನ್ನೂ ಜೋಡಿಸಲೆಂದು ಹುಮನಾಬಾದಿನ ಒಂದು ಹಳೆಯ ಗೋದಾಮಿನಲ್ಲಿ ಉದ್ಯೋಗ ಸಹಾಯ ಕೇಂದ್ರ ತೆರೆದರು. ಅದನ್ನು ನಡೆಸಲು ಬಂದವಳು ಸುನಂದಾ. ಅವಳೇ ನನ್ನನ್ನು ಕರೆದಳು.

ಸುನಂದಾ ಕೊಡಂಬಲದ ಕುರಿ ಕಾಯುವ ಮನೆಯ ಹುಡುಗಿ. ನನ್ನ ವಿದ್ಯಾರ್ಥಿನಿ. ಕಲಿಯುವಾಗ ಎರಡು ವರ್ಷ ನನ್ನ ಮನೆಯಲ್ಲೇ ಇದ್ದಳು. ಅವಳ ಹೊಲಿಗೆ ಸಾಧಾರಣ, ಬರವಣಿಗೆ ಮುತ್ತಿನಂತೆ. ದಫ್ತರ ಇಡುವುದನ್ನು ನಾನು ಅವಳಿಗೆ ಕಲಿಸಿದಷ್ಟು ಬೇರೆ ಯಾರಿಗೂ ಕಲಿಸಿಲ್ಲ.

“ಅಕ್ಕೋರ, ಹೆಸರು ಬರಕೊಳ್ಳಾಕ ಯಾರರ ಸಿಗ್ತಾರ್ರಿ,” ಎಂದಳು ಬಾಗಿಲಲ್ಲಿ ನಿಂತು. “ಆದ್ರ ಯಾವ ಕೈಯಾಗ ಕೆಲಸ ಅದ, ಯಾವ ಕೈಯಾಗ ಬರೇ ಮಾತದ ಅಂತ ನೋಡೋದು ನಿಮಗಷ್ಟೇ ಬರ್ತದ.”

ಸಂಬಳವಿರಲಿಲ್ಲ. ಮರುದಿನ ಒಂಬತ್ತಕ್ಕೆ ಐದು ನಿಮಿಷ ಮೊದಲೇ ಹೋದೆ.

ಹೊಲಿಗೆಯವರನ್ನು ನೋಡುವುದು ನನ್ನ ಪಾಲು. ಬಂದವರ ಹೆಸರು, ಊರು ಕೇಳುವ ಮೊದಲು ಒಂದು ತುಂಡು ಬಟ್ಟೆ ಕೊಟ್ಟು ಕಾಲರ್ ಹೊಲಿಯಲು ಹೇಳುತ್ತಿದ್ದೆ. ಕಾಲರಿನ ಎರಡು ಮೂಲೆ ಮಡಚಿ ಒಂದರ ಮೇಲೊಂದು ಇಟ್ಟರೆ ಅವು ಸುಳ್ಳು ಹೇಳುವುದಿಲ್ಲ. ಜುಲೈ ಮೊದಲ ವಾರದಲ್ಲಿ ದುಬಲಗುಂಡಿಯಿಂದ ಪ್ರಮೀಳಾ ಬಂದಳು. ಪುಣೆಯ ಗಾರ್ಮೆಂಟ್ ಕಾರ್ಖಾನೆಯಲ್ಲಿ ಆರು ವರ್ಷ ದುಡಿದವಳು. ಕಾಲರ್ ಎಂದ ಕೂಡಲೇ ನಕ್ಕಳು.

“ನನಗ ಬರೋದಿಲ್ರಿ ಅಕ್ಕೋರ. ನಾ ಎಡಗೈ ತೋಳು.”

“ಅಂದ್ರ?”

“ಆರು ವರ್ಷ ಅಂಗಿಗಿ ಎಡಗೈ ತೋಳು ಹಚ್ಚೇನ್ರಿ. ಅದೊಂದೇ. ಬಲಗೈ ಯಾರು ಹಚ್ಚತಿದ್ರೋ ಗೊತ್ತಿಲ್ಲ. ಮಾರಿ ಸುದ್ದಾ ನೋಡಿಲ್ಲ.”

ಒಂದು ತೋಳು ಹಚ್ಚಿ ತೋರಿಸಿದಳು. ಅಂಥ ಹೊಲಿಗೆ ನಾನು ಮೂವತ್ತೊಂದು ವರ್ಷದಲ್ಲಿ ನೋಡಿರಲಿಲ್ಲ. ಒಂದು ಸುಕ್ಕಿಲ್ಲ, ಒಂದು ಗಂಟಿಲ್ಲ, ಕಣ್ಣು ಬೇರೆಡೆ ಇಟ್ಟೇ ಹೊಲಿದಿದ್ದಳು. ಅವಳಿಗೆ ಪೂರ್ತಿ ಅಂಗಿ ಕಲಿಸಬೇಕೆಂದು ಅಂದೇ ನಿಶ್ಚಯಿಸಿದೆ. ವಾರಕ್ಕೆ ಮೂರು ದಿನ ದುಬಲಗುಂಡಿಯ ಮೊದಲ ಬಸ್ಸಿಗೆ ಬರುತ್ತಿದ್ದಳು. ಬಸ್ಸಿಲ್ಲದ ದಿನ ಯಾರದಾದರೂ ಗೂಡ್ಸ್ ಗಾಡಿ ಹತ್ತಿ ಬರುತ್ತಿದ್ದಳು. ಅವಳ ಅತ್ತೆ ಮಾವ ಕೂಲಿಗೆ ಹೋಗುವವರು. ಗಂಡ ಪುಣೆಯಲ್ಲಿ ಕಾವಲುಗಾರನಾಗಿದ್ದವನು, ಅವನೂ ತಿರುಗಿ ಬಂದು ಮನೆಯಲ್ಲಿದ್ದ. “ನಂದೇ ಒಂದು ಮಷಿನ್ ಇದ್ರ ಸಾಕ್ರಿ,” ಎನ್ನುತ್ತಿದ್ದಳು. “ಊರಾಗ ಕುಪ್ಪಸ, ಅಂಗಿ ಹೊಲಕೊಂತ ಇರ್ತೀನಿ. ಯಾರದೋ ಅಂಗಿ ಅರ್ಧಾ ಹೊಲದು ಕಳಿಸೋ ಬಾಳ್ವಿ ಬ್ಯಾಡಾಗ್ಯದ.”

ಆ ವರ್ಷ ಮಳೆ ಹಿಂದಿನ ಬಾಕಿಯನ್ನೂ ಸೇರಿಸಿ ಸುರಿಯಿತು. ಉದ್ದು, ಹೆಸರು ರಾಶಿ ಮಾಡುವ ಹೊತ್ತಿಗೆ ಹೊಲದಲ್ಲೇ ಮೊಳಕೆ ಬಂದವು. ಗೋದಾಮಿನ ತಗಡಿನ ಮೇಲೆ ಬೀಳುವ ಮಳೆಯ ಸದ್ದಿನಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುತ್ತಿರಲಿಲ್ಲ. ಮಾಸ್ಕ್ ಒಳಗಿನ ಉಸಿರಿಗೆ ನನ್ನ ಕನ್ನಡಕ ಮಂಜಾಗುತ್ತಿತ್ತು. ಒರೆಸಿದರೆ ಮತ್ತೆ ಮಂಜು. ಇದನ್ನು ಇಲ್ಲಿ ಬರೆಯಲು ಕಾರಣವಿದೆ.

ಪ್ರತಿ ಶುಕ್ರವಾರ ಸಂಜೆ ನಾಲ್ಕಕ್ಕೆ ವಾರದ ಪಟ್ಟಿ ಮೇಲಿನವರಿಗೆ ಹೋಗಬೇಕು. ನಾನು ಹೊಲಿಗೆ ಕಲಿಸುತ್ತಿದ್ದ ಕಾಲದಿಂದಲೂ ನಮ್ಮಲ್ಲಿ ಒಂದು ರೂಢಿ: ಒಬ್ಬಳು ಗಟ್ಟಿಯಾಗಿ ಓದಬೇಕು, ಇನ್ನೊಬ್ಬಳು ಕೇಳಿ ಸಹಿ ಮಾಡಬೇಕು. ಒಬ್ಬಳೇ ಓದಿ ಒಬ್ಬಳೇ ಸಹಿ ಮಾಡಿದರೆ ತಪ್ಪು ಕಣ್ಣು ತಪ್ಪಿಸುತ್ತದೆ. ಇದನ್ನು ಸುನಂದಾಳಿಗೆ ಕಲಿಸಿದವಳೂ ನಾನೇ. ಕನ್ನಡಕ ಮಂಜಾಗುತ್ತಿದ್ದುದರಿಂದ ಓದುವುದು ಅವಳ ಪಾಲಿಗೆ, ಸಹಿ ನನ್ನ ಪಾಲಿಗೆ ಬಂತು. ಅವಳು ಹೆಸರು, ಊರು, ಕಸುಬು ಓದುತ್ತಿದ್ದಳು. ನಾನು “ಹೂಂ” ಎಂದು ಕೆಳಗೆ ಸಹಿ ಹಾಕುತ್ತಿದ್ದೆ. ಪಟ್ಟಿಗೆ ನಾಲ್ಕನೆಯ ಕಾಲಂ ಒಂದಿತ್ತು: ಕೆಲಸ ಸಿಕ್ಕಿದ ಸ್ಥಳ, ಸೇರಿದ ತಾರೀಖು. ಅದನ್ನು ಓದುತ್ತಿರಲಿಲ್ಲ. ಕೆಲಸ ಸಿಕ್ಕಿದವರು ನಾಲ್ಕೈದು ಮಂದಿ, ಅವರ ಹೆಸರು ನಮಗಿಬ್ಬರಿಗೂ ಬಾಯಿಪಾಠ, ಓದುವುದೇನಿದೆ ಎಂದು ನಾನೂ ಕೇಳಲಿಲ್ಲ.

ಉಸ್ಮಾನ್‌ಸಾಬರು ಬಂದದ್ದು ಆಗಸ್ಟ್‌ನಲ್ಲಿ. ಬಸವಕಲ್ಯಾಣದಲ್ಲಿ ಸಮವಸ್ತ್ರ ಹೊಲಿಯುವವರೆಂದರೆ ಅವರೇ. ಆದರೆ ಶಾಲೆಗಳು ಮುಚ್ಚಿದ್ದವು.

“ಸಾಲಿ ಬಂದ್, ನನ್ನ ಕೈನೂ ಬಂದ್ ಬಾಯೀ,” ಎಂದರು. “ಥಾನುಗಟ್ಟಲೆ ನೀಲಿ ಬಟ್ಟಿ ಬಿದ್ದದ. ಮಾಸ್ಕ್ ಹೊಲದು ಹೊಲದು ಬ್ಯಾಸರಾಗ್ಯದ. ಬಕ್ರೀದ್‌ಗಿ ನಮ್ಮ ಮೇಕಿಗೂ ಒಂದು ಕಟ್ಟಿದ್ದೆ.”

ಶಾಲೆ ತೆರೆದರೆ ಕೆಲಸಗಾರರು ಬೇಕಾಗುತ್ತಾರೆ, ಈಗಲೇ ಅಂಗಡಿಯ ಹೆಸರು ಬರೆಸಿಡಿ ಎಂದು ಸುನಂದಾ ಅವರಿಂದ ಒಂದು ಅರ್ಜಿ ತುಂಬಿಸಿದಳು. ಎಷ್ಟು ಜನ, ಯಾವಾಗಿನಿಂದ ಎಂಬ ಜಾಗ ಖಾಲಿ ಬಿಟ್ಟು ಸಹಿ ಹಾಕಿಸಿ, ಅಂಗಡಿಯ ಸಿಕ್ಕಾ ಒತ್ತಿಸಿಕೊಂಡಳು. “ಆಮ್ಯಾಲ ಫೋನ್ ಮಾಡಿ ತುಂಬ್ತೀನ್ರಿ ಚಾಚಾ,” ಎಂದಳು. ನಾನು ಎರಡು ಮೊಳ ದೂರದಲ್ಲಿ ಪ್ರಮೀಳಾಳಿಗೆ ಜೇಬು ಹಚ್ಚುವುದು ಕಲಿಸುತ್ತಿದ್ದೆ.

ದಸರೆಯ ದಿನ ಸುನಂದಾ ಮನೆಗೆ ಬಂದಳು. ಬನ್ನಿ ಕೊಟ್ಟು ಕಾಲಿಗೆ ಬಿದ್ದಳು. ಅವಳಿಗೆ ಬೀದರಿನಲ್ಲಿ ದೊಡ್ಡ ಜಾಗ ಸಿಕ್ಕಿತ್ತು. ನಮ್ಮ ಕೇಂದ್ರದ ಕೆಲಸ ನೋಡಿಯೇ ಕೊಟ್ಟರಂತೆ. ನಾನು ಹೋಳಿಗೆ ಮಾಡಿದ್ದೆ. ಎರಡು ತಿಂದಳು, ಒಂದನ್ನು ಕಟ್ಟಿಸಿಕೊಂಡಳು. “ಎಲ್ಲಾ ನೀವೇ ಕಲಿಸಿದ್ರಿ ಅಕ್ಕೋರ,” ಎಂದಳು. ನನಗೆ ಹೊಟ್ಟೆ ತುಂಬಿತ್ತು. ಅವಳು ಹೋದ ಮೇಲೆ ಕೇಂದ್ರದ ಬೀಗದ ಕೈ ನನ್ನ ಬಳಿ ಬಂತು.

ಅದಾಗಿ ಎರಡು ವಾರಕ್ಕೆ ಒಂದು ಸುದ್ದಿ. ಕೆಲಸವಿಲ್ಲದ, ಹೊಲಿಗೆ ಬಲ್ಲ ಹೆಣ್ಣುಮಕ್ಕಳಿಗೆ ಕರೆಂಟಿನ ಹೊಲಿಗೆ ಮಷಿನ್ ಕೊಡುತ್ತಾರೆ, ನಮ್ಮ ಪಟ್ಟಿಯಲ್ಲಿದ್ದವರೇ ಮೊದಲು. ಪ್ರಮೀಳಾ ಅಷ್ಟರಲ್ಲಿ ಪೂರ್ತಿ ಅಂಗಿ ಹೊಲಿಯುತ್ತಿದ್ದಳು. ನಾನೇ ಅವಳ ಅರ್ಜಿ ಬರೆದು, ಮಷಿನ್ ಹಂಚುವ ಕಚೇರಿಗೆ ಅವಳನ್ನು ಕಳಿಸಿದೆ. ಒಂದು ತಾಸಿನಲ್ಲಿ ತಿರುಗಿ ಬಂದಳು. ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು.

“ಅಕ್ಕೋರ, ನನಗ ನೌಕರಿ ಸಿಕ್ಕದಂತ್ರಿ.”

“ಎಲ್ಲಿ?”

“ಬಸವಕಲ್ಯಾಣದಾಗ, ಉಸ್ಮಾನ್ ಚಾಚಾನ ಅಂಗಡ್ಯಾಗ. ಎರಡು ತಿಂಗಳಾಯ್ತಂತ. ಪೇಡೆ ಹಂಚಬೇಕಂದ್ರ ಇಷ್ಟು ದಿನಾ ನನಗೇ ಯಾರೂ ಹೇಳಿಲ್ಲ ನೋಡ್ರಿ.”

ನಗಲು ಹೊರಟಿದ್ದಳು, ನಗು ಅರ್ಧಕ್ಕೇ ನಿಂತಿತು. ನೌಕರಿ ಇದ್ದವರಿಗೆ ಮಷಿನ್ ಇಲ್ಲ ಎಂದು ಗುಮಾಸ್ತ ಅರ್ಜಿ ತಿರುಗಿಸಿ ಕೊಟ್ಟಿದ್ದ.

ನಾನು ಕಪಾಟು ತೆಗೆದೆ. ಮಾಸ್ಕ್ ಇಳಿಸಿ, ಕನ್ನಡಕ ಒರೆಸಿ, ಶುಕ್ರವಾರದ ಪಟ್ಟಿಗಳ ಪ್ರತಿಗಳನ್ನು ಒಂದೊಂದಾಗಿ ಓದಿದೆ. ನಾಲ್ಕನೆಯ ಕಾಲಂನಲ್ಲಿ ಮುತ್ತಿನಂಥ ಅಕ್ಷರ. ಉಸ್ಮಾನ್‌ಸಾಬರ ಅಂಗಡಿ, ಸೇರಿದ ತಾರೀಖು. ಇಂಥವು ಹನ್ನೊಂದು. ದುಬಲಗುಂಡಿ, ಘಾಟಬೋರಾಳ, ಕೊಡಂಬಲ. ಎಲ್ಲ ನಮ್ಮ ಕಡೆಯ ಹಳ್ಳಿಗಳು, ಅಂಗಡಿ ಮಾತ್ರ ಬಸವಕಲ್ಯಾಣದಲ್ಲಿ. ಯಾರೂ ಹೋಗಿ ನೋಡಲಾರದಷ್ಟು ದೂರ. ಪ್ರತಿ ಹಾಳೆಯ ಕೆಳಗೆ ನನ್ನ ಸಹಿ, ಒಂದೂ ಓರೆಯಾಗಿಲ್ಲ.

ಅಲ್ಲಿಂದಲೇ ಸುನಂದಾಳಿಗೆ ಫೋನ್ ಮಾಡಿದೆ.

“ಅಕ್ಕೋರ, ನಮಸ್ಕಾರ್ರಿ. ಊಟ ಆಯ್ತೇನ್ರಿ?”

“ಪಟ್ಟಿ ನನ್ನ ಮುಂದ ಅದ. ನಾಲ್ಕನೇ ಕಾಲಂ ನಾ ಓದ್ಲೇನು? ನೀ ಕೇಳು.”

ಆ ಕಡೆಯಿಂದ ಬಾಗಿಲು ಮುಚ್ಚುವ ಸದ್ದು ಬಂತು. ಆಮೇಲೆ ಹೇಳಿದಳು: “ಬರೇ ನಾಲ್ಕೈದು ಮಂದಿಗಿ ಕೆಲಸ ಕೊಡಿಸಿದ್ರ ಕೇಂದ್ರ ಮುಚ್ಚತೀವಿ ಅಂದಿದ್ರು ಮ್ಯಾಲಿನವ್ರು. ಮುಚ್ಚಿದ್ರ ಪ್ರಮೀಳಾ ಪೂರಾ ಅಂಗಿ ಎಲ್ಲಿ ಕಲೀತಿದ್ಳು? ಸಾಲಿ ಸುರು ಆದ ಕೂಡ್ಲೆ ಚಾಚಾ ಖರೇನೇ ತಗೋತಾರ, ಅವಾಗ ಪಟ್ಟಿನೂ ಖರೇ ಆಗ್ತದ ಅನಕೊಂಡಿದ್ದೆ.”

“ನನಗ್ಯಾಕ ಹೇಳಲಿಲ್ಲ?”

“ಹೇಳಿದ್ರ ಸಹಿ ಮಾಡ್ತಿದ್ರೇನ್ರಿ?”

“ಇಲ್ಲ.”

“ಅದಕ್ಕೇ ಹೇಳಲಿಲ್ರಿ.”

“ಬಂದು ತಪ್ಪಾಗ್ಯದಂತ ಬರದು ಕೊಡು. ಆ ಹನ್ನೊಂದು ಮಂದಿ ಹೆಸರು ಬಿಡಸು.”

“ನನ್ನ ಆರ್ಡರ್ ಇನ್ನೂ ಪಕ್ಕಾ ಆಗಿಲ್ರಿ. ಈಗ ಬರದು ಕೊಟ್ರ ನಾ ಹೊರಗ.” ಆಮೇಲೆ ಮೆಟ್ಟಿಲು ಇಳಿಯುವ ಮುದುಕಿಗೆ ಜೋಪಾನ ಹೇಳುವ ಧ್ವನಿಯಲ್ಲಿ ಅಂದಳು: “ಅಕ್ಕೋರ, ಪಟ್ಟಿ ಮ್ಯಾಲ ನನ್ನ ಸಹಿ ಎಲ್ಲೂ ಇಲ್ಲ ನೋಡ್ರಿ. ಇರೋದು ನಿಮ್ದು.”

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಬೈಯಲಿಲ್ಲ. ನನ್ನ ಮನೆಯಲ್ಲಿ ಎರಡು ವರ್ಷ ಉಂಡ ಹುಡುಗಿ ಓದಬೇಕಾದ್ದನ್ನು ಓದದೆ ಬಿಟ್ಟಳು, ಹತ್ತು ಶುಕ್ರವಾರ, ನನ್ನ ಕಣ್ಣೆದುರೇ ಕುಳಿತು. ಇಂದಿಗೂ ಪ್ರತಿ ದಸರೆಗೆ ಅವಳ ಫೋನ್ ಬರುತ್ತದೆ. ಪೂರ್ತಿ ಬಡಿದುಕೊಂಡು ನಿಲ್ಲುವವರೆಗೂ ನೋಡುತ್ತ ಕೂರುತ್ತೇನೆ.

ಭಾನುವಾರ ದೂರಿನ ಅರ್ಜಿ ಬರೆದೆ. ಹನ್ನೊಂದು ಹೆಸರು, ಎದುರಿಗೆ ಸುಳ್ಳು ತಾರೀಖು, ಕೆಳಗೆ ನಾನು ನೋಡದೆ ಸಹಿ ಮಾಡಿದೆನೆಂಬ ಒಪ್ಪಿಗೆ. ಸೋಮವಾರ ಹತ್ತು ಗಂಟೆಗೆ ಪ್ರಮೀಳಾಳೊಂದಿಗೆ ಕಚೇರಿಗೆ ಹೋದೆ. ಮಷಿನ್ ಅರ್ಜಿಗೆ ಅದೇ ಕೊನೆಯ ದಿನ, ಸಂಜೆ ಐದರವರೆಗೆ. ಗುಮಾಸ್ತ ಒಳ್ಳೆಯ ಮನುಷ್ಯ. ಪ್ಲಾಸ್ಟಿಕ್ ಪರದೆಯ ಆಚೆಯಿಂದ ನನ್ನ ಅರ್ಜಿಯ ಮೊದಲ ಸಾಲು ಓದಿ ತಿರುಗಿಸಿ ಕೊಟ್ಟ.

“ದೂರು ಅಂದ್ರ ವಿಚಾರಣಿ ಆಗ್ತದ್ರಿ ಅಕ್ಕೋರ. ಫೈಲು ಬೀದರ್‌ಗಿ ಹೋಗಿ ಬರೋತನಕ ಈ ಹನ್ನೊಂದು ಹೆಸರು ಮುಟ್ಟಂಗಿಲ್ಲ. ಮಷಿನ್ ಹೋದಂಗೇ. ಅದೇ ಕೆಲಸ ಬಿಟ್ಟಾರಂತ ಮಾಲೀಕ ಬಿಡುಗಡಿ ಪತ್ರ ಕೊಟ್ಟು, ಕೇಂದ್ರದವ್ರು ಸಹಿ ಹಾಕಿದ್ರ, ಇವತ್ತೇ ತಗೋತೀನಿ. ಯಾವುದು ಬೇಕು ನೀವೇ ನೋಡ್ರಿ.”

ಬಸವಕಲ್ಯಾಣಕ್ಕೆ ಹನ್ನೊಂದೂವರೆಯ ಬಸ್ಸು ಹಿಡಿದೆವು. ಸಸ್ತಾಪುರ ಬಂಗ್ಲಾ ದಾಟುವವರೆಗೂ ರಸ್ತೆಯ ಎರಡೂ ಕಡೆ ತೊಗರಿ ಹಳದಿ ಹೂವಾಗಿ ನಿಂತಿತ್ತು. ಉಸ್ಮಾನ್‌ಸಾಬರು ಅಂಗಡಿಯ ಅರ್ಧ ಬಾಗಿಲು ತೆರೆದು ಒಬ್ಬರೇ ಕುಳಿತಿದ್ದರು. ಎಲ್ಲವನ್ನೂ ಹೇಳಿದೆ. ಅವರ ಖಾಲಿ ಅರ್ಜಿಯಲ್ಲಿ ಸುನಂದಾ ಏನು ತುಂಬಿದ್ದಳೆಂದೂ ಹೇಳಿದೆ. ಕತ್ತರಿ ಕೆಳಗಿಟ್ಟರು.

“ಆ ಹುಡುಗಿ ನನಗ ಚಾಚಾ ಅಂದಿದ್ಳಲ್ಲ ಬಾಯೀ.”

“ನನಗ ಅಕ್ಕೋರ ಅಂತಿದ್ಳು,” ಎಂದೆ.

“ಈಗ ಇಟ್ಟುಕೊಳ್ಳದವ್ರಿಗಿ ಬಿಡುಗಡಿ ಹ್ಯಾಂಗ ಕೊಡ್ಲಿ? ನಿಕಾಹ್ ಆಗಿಲ್ಲ, ತಲಾಖ್ ಕೊಡು ಅಂದಂಗಾಯ್ತು.”

ಪ್ರಮೀಳಾ ಮೆಲ್ಲಗೆ ಕೇಳಿದಳು: “ಚಾಚಾ, ನಾ ಛಲೋ ಕೆಲಸ ಮಾಡ್ತಿದ್ನೇನ್ರಿ ನಿಮ್ಮಲ್ಲಿ?”

“ಒಂದು ದಿನಾನೂ ತಡಾ ಮಾಡಿ ಬಂದಿಲ್ಲ ಬೇಟಿ,” ಎಂದರು ಉಸ್ಮಾನ್‌ಸಾಬರು. “ಬಂದಿದ್ರಲ್ಲ ತಡಾ ಆಗೋದು?”

ಮೂವರೂ ನಕ್ಕೆವು. ನಗು ಬೇಗ ನಿಂತಿತು. ಅವರು ನನ್ನ ಚೀಲದ ಕಡೆ ನೋಡಿದರು.

“ನಾ ಬರದು ಕೊಡ್ತೀನಿ. ನನ್ನ ವಯಸ್ಸಿನಾಂವ್ಗ ಯಾರೇನು ಕೇಳ್ತಾರ? ಆದ್ರ ನೀವು ಸಹಿ ಹಾಕಿದ್ರ ಆ ದೂರು?”

“ಸುಳ್ಳಾಗ್ತದ.”

“ಆ ಹುಡುಗಿ ಬರದಿದ್ದು?”

“ಖರೇ ಆಗ್ತದ.”

ನನ್ನ ಸಂಕಟ ಅದೇ ಆಗಿತ್ತು. ಅವಳು ನನ್ನ ಕಣ್ಣು ಮುಚ್ಚಿ ಕಟ್ಟಿದ ಸುಳ್ಳಿಗೆ ಈಗ ನಾನು ಕಣ್ಣು ತೆರೆದು ಸಾಕ್ಷಿ ಹಾಕಬೇಕು. ಒಮ್ಮೆ ಹಾಕಿದರೆ ಮುಂದೆಂದೂ ಯಾರೂ ಅವಳನ್ನು ಪ್ರಶ್ನಿಸಲಾರರು. ನಾನು ಎದ್ದು ನಿಂತೆ. ಆಗುವುದಿಲ್ಲ ಎಂದೆ. ದೂರು ಕೊಟ್ಟೇ ಕೊಡುತ್ತೇನೆ, ಮುಂದಿನ ವರ್ಷದ ಪಟ್ಟಿಯಲ್ಲಿ ಮಷಿನ್ ಬರುತ್ತದೆ ಎಂದೆ.

ಪ್ರಮೀಳಾ ಮಾಸ್ಕ್ ಇಳಿಸಿದಳು. ಅಲ್ಲಿಯವರೆಗೆ ಅವಳ ಪೂರ್ತಿ ಮುಖವನ್ನು ನಾನು ನೋಡಿರಲಿಲ್ಲವೆಂದು ಆಗ ಹೊಳೆಯಿತು.

“ಅಕ್ಕೋರ, ಸುನಂದಕ್ಕಗ ಶಿಕ್ಷಾ ಆದ್ರ ನನಗೇನು ಬರ್ತದ್ರಿ? ಪುಣೆದಿಂದ ಎರಡು ಸಲ ಫೋನ್ ಬಂದದ. ಎಡಗೈ ತೋಳಿಗಿ ಮಂದಿ ಬೇಕಂತ. ಇವತ್ತು ಅರ್ಜಿ ಹೋಗಲಿಲ್ಲಂದ್ರ ಗುರುವಾರ ಹೋಗ್ತೀವಿ. ಆಕಿ ನಿಮ್ಮ ಕಣ್ಣು ಕಟ್ಟಿದ್ಳು. ನೀವು ಕಣ್ಣು ಬಿಟ್ಟು ನನ್ನ ಕೈ ಬಿಡಾಕತ್ತೀರಿ.”

ಬೀದಿಯಲ್ಲಿ ಯಾರೋ ತಳ್ಳುಗಾಡಿ ತಳ್ಳಿಕೊಂಡು ಹೋದರು. ನಾನು ಮತ್ತೆ ಸ್ಟೂಲಿನ ಮೇಲೆ ಕುಳಿತೆ.

ಉಸ್ಮಾನ್‌ಸಾಬರು ಅಂಗಡಿಯ ಹೆಸರಿದ್ದ ಕಾಗದಗಳನ್ನು ತೆಗೆದು, ನಡುವೆ ಕಾರ್ಬನ್ ಹಾಳೆ ಇಟ್ಟು ಕೊಟ್ಟರು. ಒಬ್ಬೊಬ್ಬರಿಗೆ ಒಂದೊಂದು ಪತ್ರ ಬರೆದದ್ದು ಪ್ರಮೀಳಾ, ಅವರು ಹೇಳಿದಂತೆ. “ಇವರು ನಮ್ಮಲ್ಲಿ ಹೊಲಿಗೆ ಕೆಲಸಕ್ಕಿದ್ದು, ಶಾಲೆಗಳು ತೆರೆಯದ ಕಾರಣ ಬಿಡಿಸಲಾಗಿದೆ.” ಬಿಡಿಸಿದ ದಿನ ಹಿಂದಿನ ಶನಿವಾರ. ಸೇರಿದ ದಿನ? ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಆ ತಾರೀಖು ಕಚೇರಿಯ ಪಟ್ಟಿಯಲ್ಲಿದ್ದಂತೆಯೇ ಇರಬೇಕು, ಇಲ್ಲದಿದ್ದರೆ ತಿರುಗಿ ಬರುತ್ತದೆ. ನಾನು ಚೀಲದಿಂದ ದೂರಿನ ಅರ್ಜಿ ತೆಗೆದೆ. ಹನ್ನೊಂದು ಹೆಸರು, ಹನ್ನೊಂದು ಸುಳ್ಳು ತಾರೀಖು, ಒಂದರ ಕೆಳಗೊಂದು, ಸಾಕ್ಷಿಗೆಂದು ನಾನೇ ಬರೆದಿಟ್ಟದ್ದು. ಗಟ್ಟಿಯಾಗಿ ಓದಿದೆ. ಪ್ರಮೀಳಾ ಬರೆದುಕೊಂಡಳು. ಉಸ್ಮಾನ್‌ಸಾಬರು ಸಿಕ್ಕಾ ಒತ್ತಿದರು. ಆಮೇಲೆ ಕನ್ನಡಕ ಒರೆಸಿ, ಹನ್ನೊಂದನ್ನೂ ಮೊದಲಿನಿಂದ ಕೊನೆಯವರೆಗೆ ಓದಿ, ಒಂದೊಂದಕ್ಕೆ ಸಹಿ ಮಾಡಿದೆ. ಎರಡನೆಯ ಪ್ರತಿಗಳನ್ನು ಅವರು ಪೆಟ್ಟಿಗೆಯಲ್ಲಿಟ್ಟುಕೊಂಡರು.

ಜನವರಿಯಲ್ಲಿ ಮಷಿನ್‌ಗಳು ಬಂದವು. ಪ್ರಮೀಳಾ ಪುಣೆಗೆ ಹೋಗಲಿಲ್ಲ. ಈಗ ದುಬಲಗುಂಡಿಯಲ್ಲಿ ಅವಳ ಬಾಗಿಲಿಗೆ ಅಂಗಿ ಹೊಲಿಸಲು ಬರುವವರು ಕಾಯುತ್ತಾರೆ. ಇದು ಆಮೇಲಿನ ಮಾತು. ಆ ಸೋಮವಾರ ನಾವು ಹುಮನಾಬಾದಿನಲ್ಲಿ ಇಳಿದಾಗ ನಾಲ್ಕೂವರೆ. ಪ್ರಮೀಳಾ ಫೋನ್ ಮಾಡಿ ಕರೆಸಿದ್ದ ಉಳಿದ ಹತ್ತು ಮಂದಿ ಕಚೇರಿಯ ಹೊರಗೆ, ಸುಣ್ಣದಲ್ಲಿ ಬರೆದ ವರ್ತುಲಗಳೊಳಗೆ ಒಬ್ಬೊಬ್ಬರಾಗಿ ನಿಂತಿದ್ದರು. ಅವರ ಅರ್ಜಿಗಳಿಗೆ ಪತ್ರಗಳನ್ನು ಪಿನ್ನು ಮಾಡಿ ಪರದೆಯ ಕೆಳಗಿಂದ ಒಳಗೆ ಸರಿಸಿದೆ.

ಗುಮಾಸ್ತ ತನ್ನ ಪಟ್ಟಿ ಬಿಡಿಸಿದ. ಒಂದು ಬೆರಳು ಅದರ ಮೇಲೆ, ಇನ್ನೊಂದು ನನ್ನ ಪತ್ರಗಳ ಮೇಲೆ ಇಟ್ಟು ತಾರೀಖು ತಾಳೆ ನೋಡುತ್ತ ಹೋದ. ಹನ್ನೊಂದೂ ಮುಗಿದ ಮೇಲೆ ತಲೆಯೆತ್ತಿದ.

“ಒಂದೂ ತಪ್ಪಿಲ್ರಿ,” ಎಂದ. “ಸುನಂದಾ ಮೇಡಂ ಅವರ ದಫ್ತರಂದ್ರ ಹಿಂಗಿರ್ತದ ನೋಡ್ರಿ, ಒಂದು ದಿನದ ಫರಕ್ ಇಲ್ಲ. ನೀವೇ ಕಲಿಸಿದ್ರಂತಲ್ರಿ ಅವರಿಗಿ?”

“ಹೌದು,” ಎಂದೆ.

ಅವನು ಹನ್ನೊಂದು ಸ್ವೀಕೃತಿ ಚೀಟಿ ಹರಿದು ಕೊಟ್ಟ. ಹೊರಗೆ ಬಂದು ಹೆಸರು ಕೂಗಿ ಒಬ್ಬೊಬ್ಬರ ಕೈಗೆ ಕೊಟ್ಟೆ. ಘಾಟಬೋರಾಳದವಳದು ಕೊನೆಯದು. ಅವಳು ಓದಲು ಬಾರದವಳು, ಚೀಟಿಯಲ್ಲಿ ಏನಿದೆ ಎಂದು ಕೇಳಿದಳು. ಎರಡು ಸಲ ಓದಿ ಹೇಳಿದೆ, ಸೇರಿದ ತಾರೀಖು, ಬಿಟ್ಟ ತಾರೀಖು ಸಹಿತ. ಅವಳು ತಲೆಯಾಡಿಸಿ ಚೀಟಿಯನ್ನು ಮಡಚಿ ಸೆರಗಿಗೆ ಗಂಟು ಹಾಕಿಕೊಂಡಳು. ಐದಕ್ಕೆ ನಾಲ್ಕು ನಿಮಿಷ ಬಾಕಿ ಇತ್ತು.